ತುಂಬಿಸುವಾಗ 200 ಬಾರ್, ಬೆಳಿಗ್ಗೆ 185: ಏರ್ ರೈಫಲ್ ಸಿಲಿಂಡರ್ ಸೋರುತ್ತಿದೆಯಾ?

ಉಡುಪಿ ಹುಡುಗ:
ನಮಸ್ಕಾರ. 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದೇನೆ. ನನ್ನದು ಸೆಕೆಂಡ್ ಹ್ಯಾಂಡ್ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿಸಿದ ಗಾಳಿಯಿಂದ ಹೊಡೆಯುವ ರೈಫಲ್), ಸಿಲಿಂಡರ್ ಮೇಲೆ ಗರಿಷ್ಠ ಒತ್ತಡ 200 ಬಾರ್ ಎಂದಿದೆ. ನಿನ್ನೆ ಸಂಜೆ ಮಂಗಳೂರಿನ ರೇಂಜಿನಲ್ಲಿ ದೊಡ್ಡ ಟ್ಯಾಂಕಿನಿಂದ ಅರ್ಧ ನಿಮಿಷದಲ್ಲಿ ತುಂಬಿಸಿದೆ. ಬಸ್ಸಿಗೆ ಹೊತ್ತಾಗಿತ್ತು. ಮುಳ್ಳು ಸರಿಯಾಗಿ 200ಕ್ಕೆ ನಿಂತಿತು. ಬೆಳಿಗ್ಗೆ ನೋಡಿದರೆ 185! ಒಂದು ಪೆಲೆಟ್ಟೂ (ಸಣ್ಣ ಗುಂಡು) ಹೊಡೆದಿಲ್ಲ. ಹೇಗೂ ಇಳಿಯುತ್ತದಲ್ವಾ, ಮುಂದಿನ ಸಲ 215ಕ್ಕೆ ತುಂಬಿಸಲಾ?

ಕಡಲತಡಿ:
215 ಮಾತ್ರ ಬೇಡ ಮಾರಾಯ್ರೆ.

ತುಂಬಿಸಿದ ಕೂಡಲೇ ಸಿಲಿಂಡರ್ ಮುಟ್ಟಿ ನೋಡಿದ್ರಾ? ಬೆಚ್ಚಗೆ ಇದ್ದಿರಬೇಕು. ಗಡಿಬಿಡಿಯಲ್ಲಿ ತುಂಬಿದರೆ ಒಳಗಿನ ಗಾಳಿ ಬಿಸಿಯಾಗುತ್ತದೆ. ನೀವು ನೋಡಿದ 200 ಆ ಬಿಸಿ ಗಾಳಿಯದ್ದು. ತಣಿದ ಮೇಲೆ 185 ಆದರೆ ಅದು ಸೋರಿಕೆ ಅಂತಲೇ ಅಲ್ಲ.

ಇದೇ ಲೆಕ್ಕ ತಿರುಗಿಸಿ ನೋಡಿ. 27 ಡಿಗ್ರಿಯಲ್ಲಿ 200 ಬಾರ್ ಇರುವ ಸಿಲಿಂಡರನ್ನು ಕಾರಲ್ಲಿಟ್ಟು ಮಲ್ಪೆಯ ಬಿಸಿಲಲ್ಲಿ ನಿಲ್ಲಿಸಿದ್ದೀರಿ ಅಂತಿಟ್ಟುಕೊಳ್ಳಿ. ಅದು 57 ಡಿಗ್ರಿಗೆ ಬಿಸಿಯಾದರೆ ಒತ್ತಡ ಸುಮಾರು 220 ಆಗುತ್ತದೆ. ನೀವು ಏನೂ ಮಾಡಿರುವುದಿಲ್ಲ, ಸುಮ್ನೆ ಮೀನೂಟ ಮಾಡ್ತಾ ಕೂತಿರುತ್ತೀರಿ!

ನಿಧಾನ ತುಂಬಿಸಿ. 200 ಬಂದಾಗ ನಿಲ್ಲಿಸಿ, ತಣಿಯಲು ಬಿಡಿ, ಕಡಿಮೆಯಾದಷ್ಟು ಸೇರಿಸಿ. ಸೇರಿಸದಿದ್ದರೂ ನಷ್ಟವಿಲ್ಲ. ರೈಫಲ್ ಒಳಗೆ ಒತ್ತಡ ಇಳಿಸುವ ರೆಗ್ಯುಲೇಟರ್ ಪೆಲೆಟ್ಟಿಗೆ ಕೊಡುವುದು ಇದಕ್ಕಿಂತ ತುಂಬಾ ಕಡಿಮೆ ಒತ್ತಡ. 15 ಬಾರ್ ಜಾಸ್ತಿ ತುಂಬಿದರೆ ಪೆಲೆಟ್ ಜೋರಾಗಿ ಹೋಗುವುದಿಲ್ಲ. 60 ಶಾಟಿನ ಮ್ಯಾಚಿಗೆ 185 ಧಾರಾಳ ಸಾಕು.

ನಾಳೆ ಬೆಳಿಗ್ಗೆ ಇದೇ ಹೊತ್ತಿಗೆ ಮತ್ತೆ ನೋಡಿ. ಇನ್ನೂ ಇಳಿದಿದ್ದರೆ ಸಿಲಿಂಡರ್ ಬಿಚ್ಚಿ ಒಂದು ರಾತ್ರಿ ಬೇರೆಯೇ ಇಡಿ. ಆಗ ನಿಂತರೆ ಸೋರುವುದು ರೈಫಲ್ ಕಡೆ.

ಪಣಂಬೂರು ಪಿಸಿಪಿ:
ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಒಣಗಿದೆ ಅಂತ ತೆಂಗಿನೆಣ್ಣೆ ಹಚ್ಚಲು ಹೋಗಬೇಡಿ. ನಮ್ಮಲ್ಲಿ ಒಬ್ಬರು ಹಚ್ಚಲು ಹೊರಟಿದ್ದರು. ಇಷ್ಟು ಒತ್ತಡದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು. ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಚೂರೇ ಚೂರು.

ಮತ್ತೆ, ಸೆಕೆಂಡ್ ಹ್ಯಾಂಡ್ ಅಂದ್ರಲ್ಲ. ಸಿಲಿಂಡರ್ ಮೇಲೆ ಕೊರೆದ ತಾರೀಕು ಎಷ್ಟು?

ಉಡುಪಿ ಹುಡುಗ:
ಎರಡನೇ ದಿನವೂ 185 ಇದೆ, ಸೋರಿಕೆ ಇಲ್ಲ. ಆದರೆ ತಾರೀಕು 2013 ಅಂತ ಉಂಟು. ಮಾರಿದವರು ಇದನ್ನು ಹೇಳಲೇ ಇಲ್ಲ.

ಪಣಂಬೂರು ಪಿಸಿಪಿ:
ಹಾಗಾದರೆ 200 ಬಿಡಿ, ಅದಕ್ಕೆ 100 ಕೂಡ ತುಂಬಿಸಬೇಡಿ. ಮ್ಯಾಚ್ ರೈಫಲ್ ಸಿಲಿಂಡರಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಆಯುಸ್ಸು 10 ವರ್ಷ. ಅವಧಿ ನೋಡಿಕೊಳ್ಳುವುದು ಶೂಟರ್‌ನ ಜವಾಬ್ದಾರಿ ಅಂತ ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮವೇ ಇದೆ. ಮೇಲೆ ನಮ್ಮ ಉಪ್ಪು ಗಾಳಿ ಬೇರೆ. ಗಾಳಿ ಖಾಲಿ ಮಾಡಿ, ಹೊಸ ಸಿಲಿಂಡರ್ ತರಿಸಿ.

ಉಡುಪಿ ಹುಡುಗ:
ಸರಿ ಅಣ್ಣ. ಇವತ್ತೇ ರೇಂಜಿಗೆ ಹೋಗಿ ಖಾಲಿ ಮಾಡಿಸುತ್ತೇನೆ.