ಕ್ಯಾರವಾನೋ ಕ್ಯಾಂಪರ್‌ವ್ಯಾನೋ? ಐದು ಜನರ ಮನೆಗೆ ಯಾವುದು ಹೊಂದುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ಮನೆಯಲ್ಲಿ ನಾವು ಐದು ಜನ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ನಮ್ಮಮ್ಮ. ಅಮ್ಮನಿಗೆ ಮೊಣಕಾಲು ನೋವು. ಮಕ್ಕಳ ರಜೆಯಲ್ಲಿ ವರ್ಷಕ್ಕೆ ಎರಡು ಸಲ ಎಂಟು ಹತ್ತು ದಿನ ಹೊರಗೆ ಹೋಗುತ್ತೇವೆ. ನಡುವೆ ಒಂದೆರಡು ವಾರಾಂತ್ಯ. ಪ್ರತಿ ಸಲ ಎರಡು ರೂಮು ಹಿಡಿದು, ಸಾಮಾನು ಹತ್ತಿಸಿ ಇಳಿಸಿ ಸಾಕಾಗಿದೆ. ನನಗೆ ಕ್ಯಾಂಪರ್‌ವ್ಯಾನ್ ಮೇಲೆ ಮನಸ್ಸು. ಹೆಂಡತಿ ಕ್ಯಾರವಾನ್ ವಾಸಿ ಅನ್ನುತ್ತಾಳೆ. ಇಬ್ಬರೂ ಒಂದು ವರ್ಷದಿಂದ ಮಾತಾಡುತ್ತಲೇ ಇದ್ದೇವೆ. ನೀವು ಎರಡರ ಕೆಲಸವನ್ನೂ ಮಾಡುವವರು. ದಾರಿ ತೋರಿಸಿ.

ಉತ್ತರ: ನಮಸ್ಕಾರ. ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ತುಂಬಾ ಜನ ಎರಡಕ್ಕೂ ಕ್ಯಾರವಾನ್ ಅಂತಲೇ ಹೇಳುತ್ತಾರೆ. ಕ್ಯಾರವಾನ್‌ಗೆ ಇಂಜಿನ್ ಇರುವುದಿಲ್ಲ, ಅದನ್ನು ಕಾರಿನ ಹಿಂದೆ ಕಟ್ಟಿ ಎಳೆಯಬೇಕು. ಕ್ಯಾಂಪರ್‌ವ್ಯಾನ್ ಅಂದರೆ ವ್ಯಾನಿನ ಒಳಗೇ ಹಾಸಿಗೆ, ಒಲೆ, ಸಿಂಕ್ ಕೂರಿಸಿದ ಗಾಡಿ.

ಹದಿನೆಂಟು ವರ್ಷದಿಂದ ಇವುಗಳ ಫಿಟ್ಟಿಂಗ್, ರಿಪೇರಿ ಮಾಡುತ್ತಿದ್ದೇನೆ. ಯಾರು ಬಂದು ಕೇಳಿದರೂ ಗಾಡಿಯ ಮಾತಿಗಿಂತ ಮುಂಚೆ ಒಂದು ಲೆಕ್ಕ ಕೇಳುತ್ತೇನೆ. ನಿಮ್ಮ ಹಿಂದಿನ ಮೂರು ಪ್ರವಾಸ ನೆನಪು ಮಾಡಿಕೊಳ್ಳಿ. ಒಟ್ಟು ಎಷ್ಟು ರಾತ್ರಿ? ಎಷ್ಟು ಜಾಗಗಳಲ್ಲಿ ಮಲಗಿದಿರಿ? ಒಂದು ಜಾಗದಲ್ಲಿ ಒಂದೋ ಎರಡೋ ರಾತ್ರಿ ಇದ್ದು ಮುಂದೆ ಹೋಗುವವರಿಗೆ ಕ್ಯಾಂಪರ್‌ವ್ಯಾನ್ ಸುಖ. ನಾಲ್ಕೈದು ರಾತ್ರಿ ಒಂದೇ ಕಡೆ ಬೀಡುಬಿಟ್ಟು, ಅಲ್ಲಿಂದ ಸುತ್ತಮುತ್ತ ನೋಡಿ ಬರುವವರಿಗೆ ಕ್ಯಾರವಾನ್ ಸುಖ. ಕಾರಣ ಸರಳ. ಕ್ಯಾರವಾನನ್ನು ಒಮ್ಮೆ ನಿಲ್ಲಿಸಿ ಕಾರು ಬಿಚ್ಚಿದರೆ ಮನೆ ಅಲ್ಲೇ ಇರುತ್ತದೆ, ಕಾರು ನಿಮ್ಮ ಕೈಯಲ್ಲಿರುತ್ತದೆ. ಕ್ಯಾಂಪರ್‌ವ್ಯಾನ್‌ನಲ್ಲಿ ಹಾಲು ತರಲು ಹೋದರೂ ಮನೆಯೇ ಹೋಗಬೇಕು. ಹಾಸಿಗೆ ಮಡಚಬೇಕು, ಪಾತ್ರೆ ಒಳಗಿಡಬೇಕು, ಕರೆಂಟ್ ವೈರ್ ಕಿತ್ತು ಸುತ್ತಬೇಕು, ಮಲಗಿರುವ ಅಮ್ಮನನ್ನು ಎಬ್ಬಿಸಬೇಕು.

ಎರಡನೆಯದು ಸೀಟು ಬೆಲ್ಟ್. ಇದನ್ನು ತುಂಬಾ ಜನ ಕೊನೆಗೆ ನೋಡುತ್ತಾರೆ, ನಾನು ಮೊದಲು ನೋಡಿ ಅನ್ನುತ್ತೇನೆ. ನಾಲ್ಕು ಜನ ಮಲಗಬಹುದು ಅಂದರೆ ನಾಲ್ಕು ಜನ ಬೆಲ್ಟ್ ಹಾಕಿ ಕೂರಬಹುದು ಅಂತ ಅರ್ಥವಲ್ಲ. ಸಣ್ಣ ಕ್ಯಾಂಪರ್‌ವ್ಯಾನ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬೆಲ್ಟ್ ಸೀಟು. ಐದು ಸೀಟು, ಐದು ಹಾಸಿಗೆ ಎರಡೂ ಬೇಕೆಂದರೆ ಗಾಡಿ ದೊಡ್ಡದಾಗುತ್ತದೆ. ಪಕ್ಕಕ್ಕೆ ಮುಖ ಮಾಡಿದ ಸೀಟಿನಲ್ಲಿ ಮಗುವಿನ ಸೀಟು ಕಟ್ಟಲೇಬಾರದು. ನಿಮ್ಮ ಮಗನಿಗೆ ನಾಲ್ಕು ವರ್ಷ, ಮಗಳಿಗೂ ಇನ್ನೂ ಕೂತಾಗ ಎತ್ತರಿಸುವ ಬೂಸ್ಟರ್ ಸೀಟು ಬೇಕಾಗಬಹುದು. ಹಾಗಾಗಿ ಮುಂದಕ್ಕೆ ಮುಖ ಮಾಡಿದ, ಮೂರು ಕಡೆ ಹಿಡಿಯುವ ಬೆಲ್ಟ್ ಇರುವ ಐದು ಸೀಟು ನಿಮಗೆ ಬೇಕೇ ಬೇಕು. ಈಗಿರುವ ಕಾರಿನಲ್ಲಿ ಅವು ಇವೆ, ಅಲ್ವಾ? ಇಲ್ಲಿ ಕ್ಯಾರವಾನ್ ಗೆಲ್ಲುತ್ತದೆ. ಆದರೆ ಕ್ಯಾರವಾನ್ ಓಡುವಾಗ ಅದರೊಳಗೆ ಯಾರೂ ಇರಬಾರದು. ಅಮ್ಮ ಐದು ನಿಮಿಷ ಕಾಲು ಚಾಚಿಕೊಳ್ಳಲಿ ಎಂದು ಸಹ ಕೂರಿಸಬೇಡಿ. ಅಲ್ಲಿ ಬೆಲ್ಟ್ ಇಲ್ಲ, ಅಪಘಾತ ತಡೆಯುವಂಥ ಗೋಡೆಯೂ ಇಲ್ಲ.

ಹಾಸಿಗೆಯ ವಿಷಯ. ಸಣ್ಣ ವ್ಯಾನಿನಲ್ಲಿ ಹಗಲಿನ ಸೀಟೇ ರಾತ್ರಿಯ ಹಾಸಿಗೆ. ಮಗ ಏಳೂವರೆಗೆ ಮಲಗಿದರೆ ಉಳಿದವರಿಗೆ ಕೂರಲು ಜಾಗವಿಲ್ಲ. ಮಳೆ ಬಂದ ದಿನ ಇದು ಚೆನ್ನಾಗಿ ಗೊತ್ತಾಗುತ್ತದೆ. ಐದು ಜೊತೆ ಒದ್ದೆ ಚಪ್ಪಲಿ ಎಲ್ಲಿಡುವುದು ಎಂಬುದೇ ದೊಡ್ಡ ಪ್ರಶ್ನೆ. ಮೇಲೇಳುವ ಚಾವಣಿಯ ಹಾಸಿಗೆ ಮಕ್ಕಳಿಗೆ ಬಹಳ ಇಷ್ಟ. ಆದರೆ ಅದಕ್ಕೆ ಏಣಿ ಹತ್ತಬೇಕು, ಅಮ್ಮನಿಗೆ ಆಗದು. ನಾಲ್ಕು ವರ್ಷದ ಮಗುವಿಗೆ ಬೀಳದಂತೆ ಬಲೆ ಕಟ್ಟಲೇಬೇಕು.

ಸುಮ್ನೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1931ರಲ್ಲಿ ಜರ್ಮನಿಯ ಅರಿಸ್ಟ್ ಡೆಥ್ಲೆಫ್ಸ್ ಕಾರಿನ ಹಿಂದೆ ಎಳೆಯುವ ಒಂದು ಪುಟ್ಟ ಮನೆ ಕಟ್ಟಿದರು. ವ್ಯಾಪಾರಕ್ಕಾಗಿ ಊರೂರು ತಿರುಗುವವರು ಅವರು. ಅವರ ಬಾಳಸಂಗಾತಿ ಫ್ರೀಡೆಲ್ ಚಿತ್ರ ಬರೆಯುವವರು. ತಾವೂ ಜೊತೆಗೆ ಬರಬೇಕು, ದಾರಿಯಲ್ಲಿ ಚಿತ್ರ ಬರೆಯಲು ಜಾಗ ಬೇಕು ಎಂಬುದು ಫ್ರೀಡೆಲ್ ಅವರ ಆಸೆ. ಆ ಆಸೆಯಿಂದಲೇ ಅದು ಹುಟ್ಟಿತು. ನನಗೆ ಈ ಕಥೆ ಬಹಳ ಇಷ್ಟ. ಮನೆಯವರನ್ನೆಲ್ಲ ಜೊತೆಗೆ ಕರೆದುಕೊಂಡು ಹೋಗಲೆಂದೇ ಹುಟ್ಟಿದ ಗಾಡಿ ಅದು.

ನಿಮ್ಮ ಕಾರಿನ ತೂಕ, ಎಳೆಯುವ ಮಿತಿ ತಿಳಿಸಿ. ಅದಿಲ್ಲದೆ ಮುಂದಿನ ಮಾತು ಹೇಳುವುದು ಸರಿಯಲ್ಲ.

ಪ್ರಶ್ನೆ: ಲೆಕ್ಕ ಹಾಕಿದೆವು ಮೇಡಂ. ಮೂರು ಪ್ರವಾಸ, ಇಪ್ಪತ್ತೈದು ರಾತ್ರಿ, ಆರು ಜಾಗ. ಹೆಂಡತಿ ನಗುತ್ತಿದ್ದಾಳೆ. ಕಾರಿನ ಖಾಲಿ ತೂಕ 1,450 ಕೆ.ಜಿ. ಎಳೆಯುವ ಮಿತಿ 1,200 ಎಂದು ಪುಸ್ತಕದಲ್ಲಿದೆ. ಕಾರು, ಕ್ಯಾರವಾನ್ ಸೇರಿ ಒಟ್ಟು 3,050 ಮೀರಬಾರದಂತೆ. ಹಿಚ್, ಅಂದರೆ ಕಾರಿನ ಹಿಂದಿನ ಕೊಂಡಿ, ಅದರ ಮೇಲೆ 75 ಕೆ.ಜಿ. ಎಂದು ಬರೆದಿದೆ. ನಾವು ನೋಡಿಟ್ಟ ಐದು ಹಾಸಿಗೆಯ ಕ್ಯಾರವಾನ್ ತುಂಬಿದಾಗ 1,500 ಕೆ.ಜಿ. ಸ್ವಲ್ಪ ನಿಧಾನವಾಗಿ ಓಡಿಸಿದರೆ ನಡೆಯುತ್ತದಾ?

ಉತ್ತರ: ನಡೆಯುವುದಿಲ್ಲ. ದಯವಿಟ್ಟು ಆ ಯೋಚನೆ ಬಿಟ್ಟುಬಿಡಿ. ಎಳೆಯುವ ಮಿತಿ ಎಂದರೆ ಇಂಜಿನ್‌ನ ಶಕ್ತಿ ಮಾತ್ರವಲ್ಲ. ಬ್ರೇಕ್, ಕ್ಲಚ್, ಚಾಸಿ ಎಲ್ಲ ಸೇರಿಸಿ ಕಂಪನಿ ಹೇಳಿದ ಮಾತು. ಎಳೆಯಬಹುದು, ಇಳಿಜಾರಿನಲ್ಲಿ ನಿಲ್ಲಿಸುವುದು ಹೇಗೆ? ಮಿತಿ ಮೀರಿದ ಗಾಡಿಗೆ ಏನಾದರೂ ಆದರೆ ವಿಮೆಯವರೂ ಕೈಬಿಡಬಹುದು.

ಹೊಸಬರಿಗೆ ಇನ್ನೊಂದು ಅಳತೆ ಇದೆ. ತುಂಬಿದ ಕ್ಯಾರವಾನ್‌ನ ತೂಕ ಕಾರಿನ ಖಾಲಿ ತೂಕದ ನೂರಕ್ಕೆ 85ರ ಒಳಗಿರಲಿ. ನಿಮಗೆ ಅದು ಸುಮಾರು 1,230 ಬರುತ್ತದೆ. ಕಂಪನಿಯ ಮಿತಿ 1,200. ಎರಡರಲ್ಲಿ ಕಡಿಮೆ ಇರುವುದೇ ನಿಮ್ಮ ಮಿತಿ. ಇನ್ನು ಒಟ್ಟು ತೂಕ. ಕಾರು 1,450, ಐದು ಜನ ಸುಮಾರು 300, ಡಿಕ್ಕಿಯಲ್ಲಿ 60. ಒಟ್ಟು 1,810. 3,050ರಲ್ಲಿ ಅದನ್ನು ಕಳೆದರೆ 1,240 ಉಳಿಯುತ್ತದೆ. ಪರವಾಗಿಲ್ಲ, 1,200ರ ಒಳಗಿನ ಕ್ಯಾರವಾನ್ ನಿಮ್ಮ ಕಾರಿಗೆ ಹೊಂದುತ್ತದೆ.

ಈಗ ತುಂಬಿದಾಗ 1,150 ಕೆ.ಜಿ. ಮೀರಬಾರದ ಒಂದು ಕ್ಯಾರವಾನ್ ಎಂದುಕೊಳ್ಳಿ. ಅದರ ಖಾಲಿ ತೂಕ 950 ಇದ್ದರೆ ನಿಮಗೆ ಸಿಗುವುದು 200 ಕೆ.ಜಿ. ಜಾಸ್ತಿ ಅನ್ನಿಸುತ್ತದೆ. ಒಂದು ಲೀಟರ್ ನೀರು ಒಂದು ಕೆ.ಜಿ., ಹಾಗಾಗಿ 40 ಲೀಟರ್ ತೊಟ್ಟಿಗೆ 40 ಹೋಯಿತು. ಗ್ಯಾಸ್ ಸಿಲಿಂಡರ್ 20, ಬ್ಯಾಟರಿ 25, ಮುಂದೆ ಕಟ್ಟುವ ಅವ್ನಿಂಗ್ ಟೆಂಟು 25. ಉಳಿದದ್ದು 90. ಐದು ಜನರ ಬಟ್ಟೆ, ಹೊದಿಕೆ, ಪಾತ್ರೆ, ಕುರ್ಚಿ, ದಿನಸಿ ಎಲ್ಲ ಆ 90ರೊಳಗೆ. ಜಾಗ ತಲುಪಿದ ಮೇಲೆ ನೀರು ತುಂಬಿಸಿಕೊಂಡರೆ ದಾರಿಯಲ್ಲಿ ಇನ್ನೂ 40 ಸಿಗುತ್ತದೆ. ನಾನಂತೂ ಹಾಗೇ ಮಾಡುತ್ತೇನೆ. ಕೊನೆಗೆ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಒಮ್ಮೆ ತೂಗಿಸಿ. ಅಂದಾಜು ಯಾವಾಗಲೂ ಕಡಿಮೆಯೇ ಇರುತ್ತದೆ.

ಹಿಚ್ ಮೇಲಿನ 75 ಕೆ.ಜಿ. ವಿಷಯಕ್ಕೆ ಸ್ವಲ್ಪ ಗಮನ ಕೊಡಿ. ಕ್ಯಾರವಾನ್‌ನ ಮೂತಿ ಕಾರಿನ ಹಿಚ್‌ನ ಗುಂಡಿನ (ಬಾಲ್) ಮೇಲೆ ಒತ್ತುವ ತೂಕ ಅದು. ಇಂಥ ಕ್ಯಾರವಾನ್‌ಗೆ ಒಟ್ಟು ತೂಕದ ನೂರಕ್ಕೆ 5ರಿಂದ 7 ಇರಬೇಕು. 1,150ಕ್ಕೆ 57ರಿಂದ 80. ನಿಮ್ಮ ಮಿತಿ 75, ಹಾಗಾಗಿ 70ರ ಹತ್ತಿರ ಇಟ್ಟುಕೊಳ್ಳಿ. ಕಡಿಮೆಯಾದರೆ ಏನಾಗುತ್ತದೆಂದು ನಾನು ಅನುಭವಿಸಿದ್ದೇನೆ. ಮೊದಲ ವರ್ಷ ಮೂರು ಸೈಕಲ್‌ಗಳನ್ನು ಕ್ಯಾರವಾನ್‌ನ ಹಿಂಬದಿಗೆ ಕಟ್ಟಿದ್ದೆ. ಮೂತಿ ಹಗುರವಾಯಿತು. ಇಳಿಜಾರಿನಲ್ಲಿ ಒಂದು ಲಾರಿ ಪಕ್ಕದಲ್ಲಿ ದಾಟಿತು, ಅದರ ಗಾಳಿಗೆ ಕ್ಯಾರವಾನ್ ಹಾವಿನಂತೆ ಆಡತೊಡಗಿತು. ಪ್ರತಿ ಸಲವೂ ಮೊದಲಿಗಿಂತ ಅಗಲವಾಗಿ. ಕಾರಿನ ಹಿಂಬದಿಯನ್ನೇ ಎಳೆದಾಡುತ್ತಿತ್ತು. ಆಗ ಸ್ಟಿಯರಿಂಗ್ ತಿರುಗಿಸಿ ಸರಿಮಾಡಲು ಹೋಗಬಾರದು, ಬ್ರೇಕ್ ಒತ್ತಿ ಹಿಡಿಯಬಾರದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೆಟ್ಟಗೆ ಹಿಡಿದುಕೊಂಡಿರಬೇಕು. ವೇಗ ಇಳಿದಂತೆ ತಾನಾಗಿ ನಿಲ್ಲುತ್ತದೆ. ಅಂದು ಮಕ್ಕಳು ಹಿಂದಿನ ಸೀಟಿನಲ್ಲಿದ್ದರು. ಆಮೇಲೆ ಭಾರದ ಸಾಮಾನನ್ನು ಕ್ಯಾರವಾನ್‌ನ ಒಳಗೆ ಚಕ್ರಗಳ ನೇರಕ್ಕೆ, ನೆಲಕ್ಕೆ ಹತ್ತಿರವಾಗಿ ಮಾತ್ರ ಇಡುತ್ತೇನೆ.

ನಿಮ್ಮ ತೂಕಕ್ಕೆ ನಾಲ್ಕು ಹಾಸಿಗೆಯ ಸಣ್ಣ ಕ್ಯಾರವಾನ್ ಸಿಗುತ್ತದೆ. ಮಕ್ಕಳಿಗೆ ಒಂದರ ಮೇಲೊಂದು ಬಂಕ್, ಅಮ್ಮನಿಗೆ ಕೆಳಗಿನ ಕಾಯಂ ಹಾಸಿಗೆ. ನೀವಿಬ್ಬರೂ ಅವ್ನಿಂಗ್ ಒಳಗಿನ ಮಲಗುವ ಟೆಂಟಿನಲ್ಲಿ. ಮನೆಗೆ ಒಪ್ಪುವುದಾದರೆ ಇದೇ ನನ್ನ ಸಲಹೆ. ಬಾಗಿಲ ಮೆಟ್ಟಿಲಿನ ಎತ್ತರವನ್ನು ಅಮ್ಮನನ್ನೇ ಕರೆದುಕೊಂಡು ಹೋಗಿ ನೋಡಿ. ಒಂದು ಹೆಚ್ಚುವರಿ ಮೆಟ್ಟಿಲು, ಒಂದು ಹಿಡಿ ಹಾಕಿಸುವುದು ಸಣ್ಣ ಕೆಲಸ. ಶೌಚಾಲಯ ಒಳಗೇ ಇರಲಿ. ರಾತ್ರಿ ಕತ್ತಲಲ್ಲಿ ಅವರು ದೂರ ನಡೆಯುವಂತಾಗಬಾರದು. ಅದರ ಡಬ್ಬಿ ಹಿಡಿಯುವುದು 20 ಲೀಟರ್‌ನ ಆಸುಪಾಸು. ಐದು ಜನ ಬಳಸಿದರೆ ಎರಡು ದಿನಕ್ಕೊಮ್ಮೆ ಖಾಲಿ ಮಾಡಲೇಬೇಕು.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾವು ಇಬ್ಬರು, ಒಂದು ಮಗು. ದಿನಕ್ಕೊಂದು ಜಾಗ ನೋಡುವವರು. ನಮಗೆ?

ಉತ್ತರ: ನಿಮಗೆ ಕ್ಯಾಂಪರ್‌ವ್ಯಾನ್, ಅನುಮಾನವೇ ಇಲ್ಲ. ದಾರಿಯಲ್ಲಿ ಮಗು ಹಸಿದರೆ ಅಲ್ಲೇ ನಿಲ್ಲಿಸಿ ಅಡುಗೆ ಮಾಡಬಹುದು. ವಾರದ ದಿನಗಳಲ್ಲಿ ಅದೇ ನಿಮ್ಮ ಎರಡನೇ ಕಾರು. ಎತ್ತರ ಮಾತ್ರ ನೋಡಿಕೊಳ್ಳಿ. 2 ಮೀಟರ್ ಒಳಗಿದ್ದರೆ ಸಾಕಷ್ಟು ಮುಚ್ಚಿದ ಪಾರ್ಕಿಂಗ್‌ಗಳಲ್ಲಿ ಹೋಗುತ್ತದೆ. ಮೇಲೆ ಸೈಕಲ್, ಪೆಟ್ಟಿಗೆ ಕಟ್ಟಿದರೆ ಆ ಲೆಕ್ಕ ಬದಲಾಗುತ್ತದೆ. ಎತ್ತರ ಬರೆದ ಚೀಟಿಯನ್ನು ಕಣ್ಣೆದುರು ಅಂಟಿಸಿಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ಬ್ಯಾಟರಿಯಲ್ಲಿ ಎಸಿ ಓಡಿಸಬಹುದಾ? ರಾತ್ರಿ ಮಕ್ಕಳಿಗೆ ಸೆಕೆ.

ಉತ್ತರ: 12 ವೋಲ್ಟ್‌ನ 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 1,200 ವಾಟ್ ಅವರ್. ಚಾವಣಿಯ ಎಸಿ 1,000 ವಾಟ್ ತಿಂದರೆ ಲಿಥಿಯಂ ಬ್ಯಾಟರಿ ಒಂದು ಗಂಟೆ ಬಂದರೆ ಹೆಚ್ಚು. ಹಳೆಯ ಆಸಿಡ್ ಬ್ಯಾಟರಿಯಾದರೆ ಅರ್ಧದವರೆಗೆ ಮಾತ್ರ ಬಳಸಬೇಕು, ಅಂದರೆ ಅರ್ಧ ಗಂಟೆ. ಎಸಿ ಬೇಕೆಂದರೆ ಕರೆಂಟ್ ಕೊಡುವ ಜಾಗದಲ್ಲೇ ಉಳಿಯಿರಿ. ಬೇರೆ ಕಡೆ ನೆರಳು, ಸೊಳ್ಳೆ ಪರದೆ, ಚಾವಣಿಯ ಫ್ಯಾನ್.

ಇನ್ನೊಬ್ಬರ ಪ್ರಶ್ನೆ: ಹಳೆಯ ಕ್ಯಾರವಾನ್ ನೋಡಲು ಹೋಗುತ್ತಿದ್ದೇವೆ. ಏನೇನು ನೋಡಬೇಕು?

ಉತ್ತರ: ಮೊದಲು ನೀರು ಸೋರಿಕೆ. ಉಳಿದದ್ದೆಲ್ಲ ಆಮೇಲೆ. ಕಿಟಕಿಯ ಮೂಲೆ, ಚಾವಣಿ ಗೋಡೆ ಸೇರುವ ಸಾಲು, ಕಪಾಟಿನ ಹಿಂಬದಿ ಒತ್ತಿ ನೋಡಿ. ಮೆತ್ತಗಿದ್ದರೆ ಒಳಗಿನ ಮರ ಕೊಳೆತಿದೆ. ತೇವ ಅಳೆಯುವ ಮೀಟರ್ ಇರುವವರನ್ನು ಕರೆದುಕೊಂಡು ಹೋಗಿ. ನೂರಕ್ಕೆ 15ರ ಒಳಗೆ ಬಂದರೆ ಚಿಂತೆಯಿಲ್ಲ. 20 ದಾಟಿದರೆ ಕಾರಣ ಹುಡುಕದೆ ಮುಂದುವರಿಯಬೇಡಿ. ಹೊಸ ಪೇಂಟ್ ವಾಸನೆ ಬಂದರೆ ಇನ್ನೂ ಎಚ್ಚರ.

ಟೈರ್ ಹೊಸದರಂತೆ ಕಾಣಬಹುದು. ಕ್ಯಾರವಾನ್ ಟೈರ್ ಸವೆಯುವುದಿಲ್ಲ, ನಿಂತಲ್ಲೇ ಮುಪ್ಪಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ಮಾಡಿದ್ದು. ಐದು ವರ್ಷ ಆದಮೇಲೆ ಬದಲಿಸುವ ಯೋಚನೆ ಮಾಡಿ, ಏಳು ದಾಟಿಸಲೇಬೇಡಿ.

ಗ್ಯಾಸ್ ಬಗ್ಗೆ ಕೈಮುಗಿದು ಕೇಳುತ್ತೇನೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಅದು ಹೊರಗೆ ಹೋಗಲೆಂದೇ ನೆಲದಲ್ಲಿ ತೂತು ಇಟ್ಟಿರುತ್ತಾರೆ. ಚಳಿ ಬರುತ್ತದೆ, ಇರುವೆ ಬರುತ್ತದೆ ಎಂದು ಅದಕ್ಕೆ ಬಟ್ಟೆ ತುರುಕಿದ ಗಾಡಿಗಳನ್ನು ಎಷ್ಟೋ ಸಲ ನೋಡಿದ್ದೇನೆ. ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಒಲೆ ಹಚ್ಚಿ ಗಾಡಿ ಬೆಚ್ಚಗೆ ಮಾಡಿಕೊಳ್ಳುವುದೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅದರ ಅಲಾರಂ ಹಾಕಿಸಿದ ಮೇಲೆ ಮಾತ್ರ ಒಳಗೆ ಮಲಗಿ. ಕ್ಯಾಂಪರ್‌ವ್ಯಾನ್‌ಗೂ ಇದೇ ಮಾತು.

ಮೊದಲು ಕೇಳಿದವರು: ಮೇಡಂ, ಕೊಳ್ಳುವ ಮೊದಲು ಮೂರು ದಿನಕ್ಕೆ ಸಣ್ಣ ಕ್ಯಾರವಾನ್ ಬಾಡಿಗೆಗೆ ಹಿಡಿದಿದ್ದೇವೆ. 1,100 ಕೆ.ಜಿ. ಮಿತಿಯದು. ಅಮ್ಮ ಹೋಗಿ ಮೆಟ್ಟಿಲು ಹತ್ತಿ ನೋಡಿ ಒಪ್ಪಿದರು. ನನಗೆ ರಿವರ್ಸ್ ಭಯ.

ಉತ್ತರ: ಬಹಳ ಸಂತೋಷವಾಯಿತು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಲೈಸೆನ್ಸ್‌ನಲ್ಲಿ ಎಳೆಯಲು ಅನುಮತಿ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಪಕ್ಕದ ಕನ್ನಡಿಗಳಿಗೆ ಉದ್ದನೆಯ ಕನ್ನಡಿ ಸಿಕ್ಕಿಸಿಕೊಳ್ಳಿ. ಕ್ಯಾರವಾನ್‌ನ ಬದಿ ಕಾಣದಿದ್ದರೆ ಓಡಿಸಬೇಡಿ.

ರಿವರ್ಸ್‌ಗೆ ಒಂದು ಸುಲಭ ದಾರಿ. ಸ್ಟಿಯರಿಂಗ್‌ನ ಕೆಳತುದಿ ಹಿಡಿಯಿರಿ. ಕ್ಯಾರವಾನ್‌ನ ಹಿಂಬದಿ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿ. ನಿಧಾನ, ಸ್ವಲ್ಪ ಸ್ವಲ್ಪ. ಮಡಚಿಕೊಳ್ಳುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ, ಮುಂದಕ್ಕೆ ಎಳೆದು ನೆಟ್ಟಗೆ ಮಾಡಿಕೊಂಡು ಮತ್ತೆ ಶುರುಮಾಡಿ. ಎಲ್ಲರೂ ಹಾಗೇ ಮಾಡುತ್ತಾರೆ. ಖಾಲಿ ಮೈದಾನದಲ್ಲಿ ಒಂದು ಗಂಟೆ ಅಭ್ಯಾಸ ಮಾಡಿದರೆ ಸಾಕು. ನಿಮ್ಮ ಮನೆಯವರು ಹಿಂದೆ ನಿಂತು ದಾರಿ ತೋರಿಸಲಿ. ಅವರು ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ಅಲುಗಾಡಬಾರದು. ಮಕ್ಕಳು ಅಜ್ಜಿಯ ಕೈ ಹಿಡಿದು ದೂರ ನಿಂತಿರಲಿ.

ತಲುಪಿದ ಮೇಲೆ ಮೊದಲು ಕ್ಯಾರವಾನ್‌ನ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡೆ ಕೊಟ್ಟು, ಆಮೇಲೆ ಹಿಚ್ ಬಿಚ್ಚಿ. ಗಾಡಿ ಮಟ್ಟವಾದ ಮೇಲೆ ಮೂಲೆಯ ನಾಲ್ಕು ಕಾಲುಗಳನ್ನೂ ಇಳಿಸಿ. ಅವು ಅಲುಗಾಡದಂತೆ ಹಿಡಿಯಲು ಮಾತ್ರ, ಜಾಕ್‌ನಂತೆ ಗಾಡಿ ಎತ್ತಲು ಅಲ್ಲ. ಅವು ಇಳಿಯುವವರೆಗೆ ಯಾರನ್ನೂ ಒಳಗೆ ಬಿಡಬೇಡಿ. ಅಮ್ಮ ಹಿಂದಿನ ಹಾಸಿಗೆಯಲ್ಲಿ ಕೂತ ಕೂಡಲೇ ಮುಂದಿನ ಮೂತಿ ಮೇಲೇಳಬಹುದು.