ಪದಚರ್ಚೆ: ‘ಲ್ಯಾಂಡ್‌ಸ್ಕೇಪ್’ ಎನ್ನುವಲ್ಲಿ ‘ಅಂಗಳದ ಅಚ್ಚುಕಟ್ಟು’ ಅಂದರೆ ಆದೀತೇ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ಕಟ್ಟಿಸಿದ ಮನೆಯ ಮುಂದೆ ನಮಗೆ 40 ಅಡಿ ಅಗಲ, 15 ಅಡಿ ಆಳದ ಜಾಗ ಉಳಿದಿದೆ. ಮನೆ ಪೂರ್ವಕ್ಕೆ ಮುಖ ಮಾಡಿದೆ. ದೊಡ್ಡ ಯೋಚನೆಯೇನೂ ಇಲ್ಲ: ಗೇಟಿನಿಂದ ಮೆಟ್ಟಿಲವರೆಗೆ ಇಬ್ಬರು ಜೊತೆಯಾಗಿ ನಡೆಯುವಷ್ಟು, ಅಂದರೆ 4 ಅಡಿಯ ದಾರಿ, ಒಂದು ತುಳಸಿಕಟ್ಟೆ, ಒಂದಿಷ್ಟು ಹೂವಿನ ಗಿಡ, ಮೂಲೆಯಲ್ಲಿ ಪಾರಿಜಾತ, ಒಂದು ಕಡೆ ಕಾರು. ಯಾವುದು ಎಲ್ಲಿ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿ ಮೇಸ್ತ್ರಿಗೂ ಗಿಡ ನೆಡುವವರಿಗೂ ಕೊಡಬೇಕಿತ್ತು. ಪೂರ್ತಿ ಕನ್ನಡದಲ್ಲೇ ಬರೆಯೋಣ ಎಂದು ಕೂತೆ. ಬರೆಯುತ್ತಾ ಹೋದಂತೆ ಹುಟ್ಟಿದ ಪ್ರಶ್ನೆಗಳನ್ನು ಇಲ್ಲಿ ಇಡುತ್ತಿದ್ದೇನೆ.

ಹಾಳೆಯ ತಲೆಯಲ್ಲಿ ‘ಭೂದೃಶ್ಯ ವಿನ್ಯಾಸ’ ಎಂದು ಬರೆದಿದ್ದೆ. ಕೆಳಗೆ ಹುಲ್ಲುಹಾಸು, ಹೂವಿನ ಪಾತಿ, ಕಾಲುದಾರಿ, ಹಸಿರು ಬೇಲಿ. ಮೇಸ್ತ್ರಿ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: “ಎಲ್ಲ ಸರಿ ಸರ್, ವಾಟ ಯಾವ ಕಡೆಗೆ ಕೊಡಣ? ಅದೇ ಬರ್ದಿಲ್ವಲ್ಲ ಇದ್ರಲ್ಲಿ.”

ವಾಟ ಎಂದರೆ ನೀರು ಹರಿದುಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರು. ಬಚ್ಚಲು, ತಾರಸಿ, ಅಂಗಳ ಎಲ್ಲಕ್ಕೂ ಅದೇ ಮಾತು. ನನ್ನ ಹಾಳೆಯಲ್ಲಿ ನಾಲ್ಕೈದು ಬಣ್ಣಗಳಿದ್ದವು, ನೀರಿಗೆ ಮಾತ್ರ ಜಾಗವಿರಲಿಲ್ಲ. ಲೆಕ್ಕ ಹಾಕಿ ನೋಡಿದೆ. 600 ಚದರ ಅಡಿ ಎಂದರೆ ಸುಮಾರು 56 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಸಂಜೆ 20 ಮಿಲಿಮೀಟರ್ ಹೊಯ್ದರೆ ಈ ಪುಟ್ಟ ಜಾಗದಲ್ಲೇ 1,100 ಲೀಟರಿನ ಮೇಲೆ ನೀರು, ಮಾಡಿನಿಂದ ಇಳಿಯುವುದು ಬೇರೆ. ಅದು ಮನೆ ಕಡೆಗೆ ತಿರುಗಿದರೆ ಗಿಡ, ಹುಲ್ಲು ಯಾವುದರ ಚಂದವೂ ಉಳಿಯುವುದಿಲ್ಲ. ಮೇಸ್ತ್ರಿ ಕೇಳಿದ್ದು ಸರಿಯಾದ ಮೊದಲ ಪ್ರಶ್ನೆ. ಗಟ್ಟಿ ನೆಲಕ್ಕೆ 10 ಅಡಿಗೆ ಒಂದೂವರೆ ಅಂಗುಲ ಗೇಟಿನ ಕಡೆಗೆ ವಾಟ ಇರಲಿ ಎಂದು ತೀರ್ಮಾನವಾಯಿತು. ಗೇಟಿನ ಪಕ್ಕ ಒಂದು ಇಂಗುಗುಂಡಿ.

ಆವತ್ತು ರಾತ್ರಿ ಮತ್ತೆ ಆ ಶೀರ್ಷಿಕೆ ನೋಡಿದಾಗ ಅದೇ ತಪ್ಪೆಂದು ಅನ್ನಿಸಿತು. ‘ಭೂದೃಶ್ಯ’ದಲ್ಲಿರುವುದು ದೃಶ್ಯ. ದೂರ ನಿಂತು ನೋಡುವವನ ಕಣ್ಣಿನ ಮಾತು ಅದು. ಇದರಲ್ಲಿ ಅನುವಾದಕರ ತಪ್ಪಿಲ್ಲ. ಮೂಲ ಇಂಗ್ಲಿಷ್ ಪದವೂ 16ನೇ ಶತಮಾನದ ಕೊನೆಯ ಹೊತ್ತಿಗೆ ಡಚ್ ಚಿತ್ರಕಾರರ ಮಾತಾಗಿಯೇ ಆ ಭಾಷೆಗೆ ಬಂದದ್ದು, ನೆಲಕ್ಕೆ ಅಂಟಿಕೊಂಡದ್ದು ಆಮೇಲೆ. ಚಿತ್ರಕಲೆಯ ಬರಹಗಳಲ್ಲಿ ಭೂದೃಶ್ಯ ಎಂದರೆ ನನಗೆ ಪೂರಾ ಒಪ್ಪಿಗೆ. ಆದರೆ ಅಂಗಳವನ್ನು ನಾವು ದೃಶ್ಯವೆಂದು ಯಾವತ್ತು ಕಂಡಿದ್ದೇವೆ?

ನಾನು ಬೆಳೆದದ್ದು ಸಾಗರದ ಕಡೆಯ ಅಡಿಕೆ ಬೆಳೆಯುವ ಮನೆಯಲ್ಲಿ. ಅಲ್ಲಿ ಅಂಗಳ ಎಂದರೆ ಕೆಲಸದ ಜಾಗ. ಮಳೆಗಾಲ ಮುಗಿದ ಮೇಲೆ ಹಾವಸೆ ಕಟ್ಟಿದ, ಹುಲ್ಲು ಎದ್ದ ನೆಲವನ್ನು ಗುದ್ದಲಿಯಿಂದ ತೆಳ್ಳಗೆ ಹೆರೆದು ತೆಗೆಯುತ್ತಿದ್ದರು. ಅದಕ್ಕೆ ‘ಅಂಗಳ ಕೆತ್ತುವುದು’ ಎನ್ನುತ್ತಾರೆ. ಶಿಲ್ಪಿ ಕಲ್ಲಿಗೆ ಮಾಡುವುದೂ ಕೆತ್ತುವುದೇ, ನಾವು ಅಂಗಳಕ್ಕೆ ಮಾಡುವುದೂ ಕೆತ್ತುವುದೇ. ಕೆತ್ತಿದ ಮೇಲೆ ತಗ್ಗಿಗೆ ಮಣ್ಣು ಹಾಕಿ, ತಟ್ಟಿ, ಸಗಣಿ ಹಾಕಿ ಸಾರಿಸಬೇಕು. ಅಷ್ಟಾದ ಮೇಲೆ ಅಡಿಕೆ ಹರವಲು ಅಂಗಳ ಸಿದ್ಧ. ಕೆತ್ತು, ತಟ್ಟು, ಸಾರಿಸು, ಗುಡಿಸು, ಹರವು, ಬಳಿ. ಉತ್ತರ ಕರ್ನಾಟಕದವರು ಬೆಳಗ್ಗೆ ಎದ್ದು ಥಳಿ ಹೊಡೆಯುತ್ತಾರೆ, ಅಂದರೆ ಅಂಗಳಕ್ಕೆ ನೀರು ಚಿಮುಕಿಸುತ್ತಾರೆ. ಅಂಗಳಕ್ಕೆ ನಮ್ಮಲ್ಲಿರುವುದು ಕ್ರಿಯಾಪದಗಳ ರಾಶಿ. ಹೆಸರುಪದ ಹುಡುಕುತ್ತಾ ಕೂತವನಿಗೆ ಅದು ಕಾಣದೆ ಹೋಗಿತ್ತು.

ಹುಲ್ಲಿನ ವಿಷಯದಲ್ಲಿ ಇದು ಇನ್ನೂ ನಿಚ್ಚಳ. ಅಮ್ಮನಿಗೆ ನಕ್ಷೆ ತೋರಿಸಿ, ಇಲ್ಲಿ ಹುಲ್ಲುಹಾಸು ಬರುತ್ತದೆ ಎಂದೆ. “ಅಂಗಳದಲ್ಲಿ ಹುಲ್ಲು ಎಂತಕ್ಕೆ ಅಪ್ಪಿ? ಮನೆ ಪಾಳು ಬಿದ್ದಂಗೆ ಕಾಣ್ತು” ಎಂದಳು. ಅವಳ ಮಾತು ಬರೀ ಹಳೆಯ ಕಾಲದವರ ಹಟವಲ್ಲ. ‘ಹೊಸ್ತಿಲಲ್ಲಿ ಹುಲ್ಲು ಹುಟ್ಟಿ’ ಎಂದು ಬಸವಣ್ಣನವರು 12ನೇ ಶತಮಾನದಲ್ಲಿ ಹೇಳುವಾಗ, ಮನೆಯೊಡೆಯ ಒಳಗಿಲ್ಲ ಎನ್ನುವುದಕ್ಕೆ ಹುಲ್ಲೇ ಗುರುತು. ಮನೆಯ ಮುಂದೆ ಹುಲ್ಲು ಎಂದರೆ ಕನ್ನಡದ ಕಿವಿಗೆ ಅನಾಥ ಮನೆ. ನರ್ಸರಿಯಲ್ಲಿ ಅದೇ ಹುಲ್ಲಿಗೆ ಚದರ ಅಡಿಯ ಲೆಕ್ಕದಲ್ಲಿ ದುಡ್ಡು. ಎರಡು ಬದುಕಿನ ಕ್ರಮಗಳು ಒಂದೇ ಪದದಲ್ಲಿ ಢಿಕ್ಕಿ ಹೊಡೆಯುತ್ತಿವೆ.

ಹಾಗೆಂದು ‘ಹುಲ್ಲುಹಾಸು’ ಬೇಡವೆಂದು ನಾನು ಹೇಳುತ್ತಿಲ್ಲ. ಬಹಳ ಒಳ್ಳೆಯ ಪದ. ನರ್ಸರಿಯವರು ಈಗ ಹುಲ್ಲನ್ನು ಮಣ್ಣಿನ ಸಮೇತ ಚಾಪೆಯಂತೆ ಸುತ್ತಿ ತಂದು ನಿಜವಾಗಿಯೂ ಹಾಸುತ್ತಾರೆ, “ನಾಳೆ ಬಂದು ಹಾಸಿ ಕೊಡ್ತೀವಿ” ಎಂದೇ ಹೇಳುತ್ತಾರೆ. ನನಗೆ ಬೇಸರ ತಂದದ್ದು ಬೇರೆ. ‘ಬರ್ಮುಡಾ ಹುಲ್ಲು’ ಎಂದು ಅವರು ತೋರಿಸಿದ್ದನ್ನು ಬಗ್ಗಿ ನೋಡಿದರೆ ಅದು ಗರಿಕೆಯ ಜಾತಿಯೇ. ಚೌತಿಯ ದಿನ ಗಣಪತಿಗೆ ಏರಿಸುವ ಗರಿಕೆ. ಸಸ್ಯಶಾಸ್ತ್ರದಲ್ಲೂ ಎರಡಕ್ಕೂ ಒಂದೇ ಹೆಸರು. ಹುಲ್ಲುಹಾಸಿಗೆಂದು ಆರಿಸಿ ಬೆಳೆಸಿದ ತಳಿಗಳ ಎಲೆ ಇನ್ನಷ್ಟು ಸಣ್ಣ, ಅಷ್ಟೇ. ಇಂಥ ಕಡೆ ನಮ್ಮ ಹೆಸರು ಬಿಟ್ಟುಕೊಡುವುದು ನಷ್ಟ. ಹಾಳೆಯಲ್ಲಿ ‘ಗರಿಕೆ ಹಾಸು’ ಎಂದು ತಿದ್ದಿದೆ. ಅಮ್ಮನೂ ಸುಮ್ಮನಾದಳು, ಆದರೆ ಮೆಟ್ಟಿಲ ಮುಂದೆ 8 ಅಡಿ ಚೌಕ ಬರಿ ನೆಲ ಬಿಡಬೇಕು, ರಂಗೋಲಿಗೆ, ಎಂದು ಕರಾರು ಹಾಕಿದಳು. ಒಪ್ಪಿದೆ.

ಇನ್ನು ಪಾತಿ ಮತ್ತು ಮಡಿ. ನಮ್ಮ ಈ ಚರ್ಚೆಯ ಬಳಗದಲ್ಲಿರುವ ಕೃಷಿಕರು ಇಲ್ಲಿ ನನ್ನನ್ನು ತಿದ್ದಬೇಕು. ‘ಹೂವಿನ ಪಾತಿ’ ಎಂದು ನಾನು ಬರೆದದ್ದನ್ನು ಗಿಡ ನೆಡಲು ಬಂದವರು ಓದಿ, ಸುತ್ತ ದಂಡೆ ಕಟ್ಟಿ ನಡುವೆ ತಗ್ಗು ಮಾಡಿಟ್ಟರು. ಅವರು ಬಯಲುಸೀಮೆಯವರು. ತಪ್ಪು ಅವರದಲ್ಲ. ತೆಂಗಿನ ಬುಡಕ್ಕೆ ಪಾತಿ ಮಾಡು ಎಂದರೆ ನೀರು ನಿಲ್ಲುವ ಹಾಗೆ ಬಟ್ಟಲು ಮಾಡು ಎಂದೇ ಅರ್ಥ. ಮಳೆ ಕಡಿಮೆಯಿರುವ ಕಡೆ ನೀರು ಹಿಡಿದಿಡುವುದೇ ಗಿಡಕ್ಕೆ ಉಪಕಾರ. ನಮ್ಮ ಕಡೆಯ ಆಷಾಢದಲ್ಲಿ ಅಂಥ ತಗ್ಗಿನಲ್ಲಿ ಸೇವಂತಿಗೆ ಇಟ್ಟರೆ ವಾರದೊಳಗೆ ಬೇರು ಕೊಳೆಯುತ್ತದೆ. ನನಗೆ ಬೇಕಾಗಿದ್ದದ್ದು ಏರುಮಡಿ: ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರ, ನೀರು ಬಸಿದುಹೋಗುವಂಥದ್ದು. ಭತ್ತದ ಸಸಿಮಡಿ, ತರಕಾರಿಯ ಏರುಮಡಿ ಎಲ್ಲ ಕೃಷಿಯಲ್ಲಿ ಬಳಕೆಯಲ್ಲಿರುವ ಮಾತುಗಳೇ. ಇಂಗ್ಲಿಷಿನ ‘ಬೆಡ್’ ತಗ್ಗೋ ಎತ್ತರವೋ ಹೇಳುವುದಿಲ್ಲ. ನಮ್ಮ ಎರಡು ಪದಗಳು ನೀರು ಎತ್ತ ಹೋಗಬೇಕೆಂದು ತಾವೇ ಹೇಳುತ್ತವೆ. ಆದರೆ ಪತ್ರಿಕೆಗಳ ಕೈತೋಟದ ಅಂಕಣಗಳಲ್ಲಿ ಎರಡನ್ನೂ ಒಂದೇ ಎಂಬಂತೆ ಬರೆಯುವುದನ್ನು ಮತ್ತೆ ಮತ್ತೆ ಕಾಣುತ್ತೇನೆ. ನಿಮ್ಮ ಸೀಮೆಯಲ್ಲಿ ಈ ವ್ಯತ್ಯಾಸ ಉಳಿದಿದೆಯೇ? ಅಥವಾ ಪಾತಿ ಎಂಬುದೇ ಎರಡಕ್ಕೂ ಸಾಕೇ?

ಗೇಟು, ಕಾಂಪೌಂಡು ಎರಡನ್ನೂ ಹಾಗೆಯೇ ಬಿಟ್ಟಿದ್ದೇನೆ. ಉಣುಗೋಲು, ದಣಪೆ ನನಗೆ ಪ್ರೀತಿಯ ಪದಗಳೇ, ಆದರೆ ಅವು ಗಳು ಸರಿಸಿ ದಾಟುವ ಆ ವಸ್ತುವಿನ ಹೆಸರು. ಕಬ್ಬಿಣದ ಗೇಟಿಗೆ ಅವನ್ನು ಹಚ್ಚಿದರೆ ಹಳೆಯದನ್ನೂ ಕಳೆದುಕೊಳ್ಳುತ್ತೇವೆ. ಬೇಲಿಗೂ ‘ಹಸಿರು’ ಸೇರಿಸುವ ಅಗತ್ಯ ಕಾಣಲಿಲ್ಲ. ‘ದಾಸವಾಳದ ಬೇಲಿ, 2 ಅಡಿಗೊಂದು ಗಿಡ’ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಗರಿಕೆಯ ಮಧ್ಯೆ ಹೆಜ್ಜೆಯಳತೆಗೆ ಒಂದೊಂದಾಗಿ ಇಡುವ ಕಲ್ಲಿಗೆ ಮಾತ್ರ ಪದ ಸಿಗದೆ ‘ಹೆಜ್ಜೆಗಲ್ಲು’ ಎಂದು ನಾನೇ ಬರೆದೆ. ಒತ್ತಾಗಿ ಹಾಸಿದರೆ ಹಾಸುಗಲ್ಲು, ಬಿಡಿಬಿಡಿಯಾಗಿ ಇಟ್ಟರೆ? ಹಳ್ಳ ದಾಟಲು ಇಡುವ ಕಲ್ಲುಸಾಲಿಗೆ ನಿಮ್ಮೂರಲ್ಲಿ ಹೆಸರಿದ್ದರೆ ಅದನ್ನೇ ತರಬಹುದು.

‘ಉದ್ಯಾನ ವಿನ್ಯಾಸ’ ಎಂದು ಬರೆಯಬಹುದಲ್ಲ ಎಂದು ಗೆಳೆಯರೊಬ್ಬರು ಸೂಚಿಸಿದರು. ಉದ್ಯಾನ ಎಂದೊಡನೆ ಕಣ್ಣಿಗೆ ಬರುವುದು ಲಾಲ್‌ಬಾಗು. 1760ರಲ್ಲಿ ಹೈದರಾಲಿ ಶುರು ಮಾಡಿದ್ದು, 1908ರಿಂದ 1932ರವರೆಗೆ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬೀಗಲ್ ನೋಡಿಕೊಂಡದ್ದು. ಅಷ್ಟು ದೊಡ್ಡದಕ್ಕೆ ಒಪ್ಪುವ ಪದ. ತೋಟ ಎಂದರೆ ಮಲೆನಾಡಿನಲ್ಲಿ ಅಡಿಕೆ ತೋಟವೇ. ಬೃಂದಾವನದ ಕಥೆ ಇನ್ನೂ ಸೋಜಿಗ: ಒಂದೇ ಒಂದು ತುಳಸಿ ಗಿಡದ ಕಟ್ಟೆಯೂ ಬೃಂದಾವನ, ಮಂತ್ರಾಲಯದ ರಾಯರದೂ ಬೃಂದಾವನ, ಕನ್ನಂಬಾಡಿ ಕಟ್ಟೆಯ ಕೆಳಗಿನ ಅಷ್ಟು ದೊಡ್ಡ ತೋಟವೂ ಬೃಂದಾವನ. ಆ ಪದ ಎಷ್ಟು ಬೇಕಾದರೂ ಹಿಗ್ಗುತ್ತದೆ, ಆದರೆ ಕಾರು ನಿಲ್ಲಿಸುವ ಜಾಗವನ್ನೂ ಸೇರಿಸಿ ಹೇಳಲು ಮನಸ್ಸು ಬಾರದು.

ಈಗ ನನ್ನ ಮುಖ್ಯ ಸೂಚನೆ. ‘ಅಚ್ಚುಕಟ್ಟು’ ಎಂಬ ಪದಕ್ಕೆ ನಮ್ಮಲ್ಲಿ ಎರಡು ಅರ್ಥಗಳು ಚೆನ್ನಾಗಿ ಬಳಕೆಯಲ್ಲಿವೆ. ಒಂದು, ಒಪ್ಪವಾದದ್ದು, ಓರಣವಾದದ್ದು. ಇನ್ನೊಂದು, ಕೆರೆಯ ಅಥವಾ ಅಣೆಕಟ್ಟಿನ ನೀರು ತಲುಪುವ ಜಮೀನು. ಭದ್ರಾ ಅಚ್ಚುಕಟ್ಟು ಎಂಬ ಮಾತು ಶಿವಮೊಗ್ಗದವರ ಬಾಯಲ್ಲಿ ದಿನವೂ ಓಡಾಡುತ್ತದೆ. ನೀರು ಎಲ್ಲಿಗೆ ಹೋಗಬೇಕೆಂದು ನೋಡಿ ನೆಲವನ್ನು ಹಂಚುವುದು, ಹಾಗೆ ಹಂಚಿದ ನೆಲ ಕಣ್ಣಿಗೂ ಒಪ್ಪವಾಗಿರುವುದು: ಮನೆಯ ಮುಂದೆ ನಾನು ಮಾಡಲು ಹೊರಟದ್ದು ಇವೆರಡೇ. ಆದ್ದರಿಂದ ಹಾಳೆಯ ತಲೆಯಲ್ಲಿ ‘ಅಂಗಳದ ಅಚ್ಚುಕಟ್ಟು’ ಎಂದು ಬರೆದೆ. ಎರಡನೇ ಸಲ ಬಂದ ಮೇಸ್ತ್ರಿ ಅದನ್ನು ಓದಿ, ಏನೂ ಕೇಳದೆ, ನೆಲದ ಮಟ್ಟ ನೋಡುವ ರಸಮಟ್ಟ ಹಿಡಿದು ನೇರ ಗೇಟಿನ ಕಡೆಗೆ ನಡೆದರು.

ಆಕ್ಷೇಪ ಬರಬಹುದು. ಸುಮ್ಮನೆ ಗುಡಿಸಿ ಚೊಕ್ಕ ಮಾಡಿಟ್ಟ ಅಂಗಳವನ್ನೂ ‘ಅಚ್ಚುಕಟ್ಟಾದ ಅಂಗಳ’ ಎನ್ನುತ್ತೇವಲ್ಲ, ಗೊಂದಲವಾಗದೇ? ‘ಅಚ್ಚುಕಟ್ಟಾದ ಅಂಗಳ’ ಗುಣ ಹೇಳುತ್ತದೆ, ‘ಅಂಗಳದ ಅಚ್ಚುಕಟ್ಟು’ ಏರ್ಪಾಟು ಹೇಳುತ್ತದೆ ಎಂದು ನನಗೆ ತೋರುತ್ತದೆ. ವಾಕ್ಯದಲ್ಲಿ ಇಟ್ಟು ನೋಡಿ: “ಮನೆ ಕಟ್ಟುವ ಮೊದಲೇ ಅಂಗಳದ ಅಚ್ಚುಕಟ್ಟು ಯೋಚಿಸಿರಬೇಕಿತ್ತು.” ನಿಮ್ಮ ಕಿವಿಗೆ ಇದು ಸಹಜವಾಗಿದೆಯೇ? ವ್ಯಾಕರಣ ಬಲ್ಲವರು, ಕಟ್ಟಡ ಕೆಲಸದ ಒಡನಾಟ ಇರುವವರು ಇಬ್ಬರೂ ಹೇಳಬೇಕು.

ಜೊತೆಗೆ ಒಂದು ಕೋರಿಕೆ. ಅಂಗಳ ಎಂಬುದು ಸಂಸ್ಕೃತದ ಅಂಗಣದಿಂದ ಬಂದ ತದ್ಭವ. ದಕ್ಷಿಣ ಕನ್ನಡದ ಹವ್ಯಕರು ಜಾಲು ಎನ್ನುತ್ತಾರೆ, ತುಳುವಿನಲ್ಲೂ ಅದು ಜಾಲ್. ಮನೆಯ ಮುಂದಿನ ತೆರೆದ ಜಾಗಕ್ಕೆ ಬೀದರ್, ಕಲಬುರಗಿ, ಚಾಮರಾಜನಗರದ ಕಡೆಯವರು ಮನೆಯಲ್ಲಿ ಏನನ್ನುತ್ತೀರಿ? ಪುಸ್ತಕದ ಪದ ಬೇಡ, ಅಜ್ಜಿ ಕೂಗಿ ಹೇಳುತ್ತಿದ್ದ ಮಾತು ಬೇಕು.

ಹಾಳೆಯಲ್ಲಿ ಒಂದು ಕಡೆ ಇನ್ನೂ ಖಾಲಿ ಇದೆ. ಮಾಡಿನ ಅಂಚಿನಿಂದ ಮಳೆನೀರು ತೊಟ್ಟಿಕ್ಕಿ, ಅಂಗಳದ ಮಣ್ಣಿನಲ್ಲಿ ಗೋಡೆಗೆ ಸಮನಾಗಿ ಸಣ್ಣ ಸಣ್ಣ ಗುಳಿಗಳ ಸಾಲು ಬೀಳುತ್ತದಲ್ಲ, ಹಳೆಯ ಮನೆಯಲ್ಲಿ ಒಂದೊಂದು ಹಂಚಿನ ಗೆರೆಗೂ ಒಂದೊಂದು ಗುಳಿ, ಅದರಲ್ಲಿ ಮಣ್ಣು ತೊಳೆದುಹೋಗಿ ಬಿಳಿ ಬೆಣಚುಕಲ್ಲಿನ ಚೂರು ಮೇಲೆದ್ದು ಕಾಣುತ್ತಿತ್ತು. ಆ ಸಾಲಿನುದ್ದಕ್ಕೂ ಒಂದು ಅಡಿ ಅಗಲಕ್ಕೆ ಹೊಳೆಗಲ್ಲು ತುಂಬಿಸಬೇಕೆಂದಿದ್ದೇನೆ. ‘ಸೂರಿನ ನೀರು ಬೀಳುವ ಜಾಗ’ ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಆ ಗುಳಿಸಾಲಿಗೆ ಒಂದೇ ಪದ ಯಾರ ಮನೆಯಲ್ಲಾದರೂ ಇದೆಯೇ? ಕೆಲಸ ಮುಂದಿನ ವಾರ ಶುರುವಾಗುತ್ತದೆ.