ಸಹಾಯ ಬೇಕು: ಕಾರವಾರದಲ್ಲಿ ನಾಲ್ಕು ಬಾಡಿಗೆ ಮನೆಗಳ ಕಟ್ಟಡ, ಕೊಳ್ಳಬಹುದಾ?

ನಮಸ್ಕಾರ. ಸಮುದ್ರದಿಂದ ಅರ್ಧ ಕಿಲೋಮೀಟರ್ ಒಳಗೆ, ಕೆಳಗೆರಡು ಮೇಲೆರಡು ಮನೆ. ಹೇಳಿದ ಬೆಲೆ 52 ಲಕ್ಷ. ಬಾಡಿಗೆ ತಲಾ 6,500, ವರ್ಷಕ್ಕೆ 3.12 ಲಕ್ಷ. ಒಂದು ತಿಂಗಳು ಖಾಲಿ ಅಂತ 26,000, ಕರ, ಬಣ್ಣ, ಪಂಪು, ಶೌಚದ ಗುಂಡಿ ಖಾಲಿ ಮಾಡಿಸೋದಕ್ಕೆ 46,000 ಕಳೆದರೆ ಉಳಿಯೋದು 2.40 ಲಕ್ಷ. ಅಂದರೆ ಶೇ. 4.6. ಸಾಲ ಮಾಡಿ ಕೊಳ್ಳುವ ಲೆಕ್ಕ ಇದಲ್ಲ, ಗೊತ್ತಿದೆ, ಕೈಯಲ್ಲಿರುವ ದುಡ್ಡೇ.

ತಲೆಬಿಸಿ ಬಾಲ್ಕನಿಯದ್ದು. ಸ್ಲ್ಯಾಬಿನ ಅಡಿಯಲ್ಲಿ ಕಂದು ಗೆರೆ, ಎರಡು ಕಡೆ ಕಾಂಕ್ರೀಟ್ ಉದುರಿ ಸರಳು ಕಾಣ್ತಿದೆ. ಸುತ್ತಿಗೆಯಿಂದ ತಟ್ಟಿದರೆ ಒಂದಡಿ ದೂರದವರೆಗೂ ಪೊಳ್ಳು ಸದ್ದು. ಉಪ್ಪುಗಾಳಿಗೆ ಸರಳು ತುಕ್ಕು ಹಿಡಿದು ಉಬ್ಬಿದೆ, ಮೇಲೆ ಸಿಮೆಂಟ್ ಮೆತ್ತಿದರೆ ಎರಡು ಮಳೆಗಾಲವೂ ನಿಲ್ಲಲ್ಲ. ಸರಳಿನ ಹಿಂದಿನವರೆಗೂ ಒಡೆದು, ತುಕ್ಕು ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆ ತುಂಬಬೇಕು. ಈ ಕೆಲಸ ಮಾಡಿಸಿದವರು ಚದರಡಿಗೆ ಎಷ್ಟು ಕೊಟ್ಟಿರಿ? ಸರಳು ಎಷ್ಟು ಸವೆದಿದ್ದರೆ ಹೊಸದು ಜೋಡಿಸಿದಿರಿ?

ಇನ್ನೊಂದು: ನಾಲ್ಕೂ ಮನೆಗೆ ಹೆಸ್ಕಾಂನ (ಇಲ್ಲಿನ ವಿದ್ಯುತ್ ಕಂಪನಿ) ಒಂದೇ ಆರ್‌ಆರ್ ನಂಬರ್, ಅಂದರೆ ಒಂದೇ ಸಂಪರ್ಕ, ಒಳಗೆ ಸಬ್‌ಮೀಟರ್. ಒಟ್ಟು ಬಳಕೆ 200 ಯೂನಿಟ್ ದಾಟುವುದರಿಂದ ಗೃಹಜ್ಯೋತಿಯ ಉಚಿತ ವಿದ್ಯುತ್ ಯಾರಿಗೂ ಸಿಗಲ್ಲ, ಬಿಲ್ ಹಂಚೋದರಲ್ಲೇ ಜಗಳ. ಮನೆಗೊಂದು ಮೀಟರ್ ಹಾಕಿಸಲು ಯಾವ ಯಾವ ಕಾಗದ ಕೇಳಿದರು, ಎಷ್ಟು ದಿನ ಹಿಡಿಯಿತು?

ಬಾವಿ ನೀರು ಮೇ ತಿಂಗಳಲ್ಲಿ ಉಪ್ಪಾಗುತ್ತಂತೆ. ಅದಕ್ಕೆ ಮೇ ಮುಗಿಯುವ ಮುಂಚೆ ಮುಂಗಡ ಕೊಡಲ್ಲ, ಆಗ ಒಮ್ಮೆ ಕುಡಿದು ನೋಡಿಯೇ ಮಾತು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಒಳಗಿನ ಹಳೇ ಕಟ್ಟಡದ ಮೇಲೆ ಇನ್ನೊಂದು ಮಹಡಿಗೆ ಪರವಾನಗಿ ಪಡೆದವರಿದ್ದರೆ ದಯವಿಟ್ಟು ತಿಳಿಸಿ.